ಗುರುವಾರದ ಇಟ್ಟಂಗಿ ಬಣ್ಣ

ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. "ಮೇಡಂ, ನಿಮ್ಮ ಕಾಲದಾಗ ಮಷೀನ ಇರಲಿಲ್ಲಂತಲ್ರಿ. ಸಕ್ಕರಿ ಹೆಂಗ ನೋಡ್ತಿದ್ರಿ?" ಎಂದು ಕೇಳುತ್ತಾರೆ. ಮೂಗು ಮುಚ್ಚಿಕೊಂಡು ನೋಡುತ್ತಿದ್ದೆವು ಎನ್ನುತ್ತೇನೆ. ಅವರು ನಗುತ್ತಾರೆ. ಆದರೆ ನಾನು ಹೇಳಿದ್ದು ಸುಳ್ಳಲ್ಲ. ಎಪ್ಪತ್ತರ ದಶಕದಲ್ಲಿ ಸೋಲಾಪುರದ ಒಬ್ಬ ಡಾಕ್ಟರ ದವಾಖಾನೆಯ ಹಿಂದಿನ ಕೋಣೆಯೇ ನಮ್ಮ ಲ್ಯಾಬು. ಗಾಜಿನ ನಳಿಕೆಯಲ್ಲಿ ಒಂದು ಚಮಚೆಯಷ್ಟು ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಕುದಿಸಿ ಇಳಿಸಿದ ಮೇಲೂ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಸುಟ್ಟ ಇಟ್ಟಿಗೆಯಂತೆ ಕೆಂಪಾಗಿ ಇಟ್ಟಂಗಿ ಬಣ್ಣಕ್ಕೆ ಬಂದರೆ ವಿಪರೀತ. ಬೆಳಗಿನಿಂದ ಸಂಜೆಯ ತನಕ ಇದೇ ಕೆಲಸ. ಅಕ್ಕಲಕೋಟದಿಂದ ದಿನಾ ಎಸ್‌ಟಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಸಂಜೆಯ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಬೇಗ ತುಂಬುತ್ತಿರಲಿಲ್ಲ.

ಬಡ್ತಿ, ಬೀಳ್ಕೊಡುಗೆಯ ಶಾಲು, ಹಾರ ಇವೆಲ್ಲ ಎಲ್ಲರಿಗೂ ಬರುತ್ತವೆ, ಅವನ್ನು ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ನಾನು ಬರೆಯಬೇಕೆಂದಿರುವುದು ನಾವು ಮಾಡಿದ ಒಂದು ತಪ್ಪನ್ನು.

ಅದಕ್ಕೂ ಮೊದಲು ಚಿಕ್ಕ ತಪ್ಪುಗಳು ಬೇಕಾದಷ್ಟು ಆಗಿದ್ದವು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೋರಾಮಣಿ ಕಡೆಯ ಒಬ್ಬ ಕುರಿ ಕಾಯುವ ಅಜ್ಜ ಕೆಮ್ಮಿನ ಔಷಧಕ್ಕೆ ಬಂದಿದ್ದ. ಮೂತ್ರ ತರಲು ಹೇಳಿದರೆ ತಂದುಕೊಟ್ಟ. ಕುದಿಸಿದೆ, ಇಟ್ಟಂಗಿ ಬಣ್ಣ ಬಂತು. ನಾನು ಹಿಂದೆ ಮುಂದೆ ನೋಡದೆ, "ಅಜ್ಜಾ, ನಿನಗ ಸಕ್ಕರಿ ಬ್ಯಾನಿ ಐತಿ" ಎಂದುಬಿಟ್ಟೆ. ಅಜ್ಜ ತಲೆಯ ಮೇಲಿನ ರುಮಾಲು ಸರಿಮಾಡಿಕೊಂಡು, "ಸಕ್ಕರಿ ನಮ್ಮ ಮನ್ಯಾಗ ಇಲ್ಲ, ಮೈಯಾಗ ಎಲ್ಲಿಂದ ಬಂತವ್ವ?" ಎಂದ. ಅವನ ಪ್ರಶ್ನೆಯೇ ಸರಿಯಿತ್ತು. ಅವನು ಮೂತ್ರ ತಂದದ್ದು ಹಳೆಯ ಕೆಮ್ಮಿನ ಸಿರಪ್ಪಿನ ಬಾಟಲಿಯಲ್ಲಿ. ತೊಳೆದ ಬಾಟಲಿಯಲ್ಲಿ ತರಿಸಿದಾಗ ನೀಲಿ ನೀಲಿಯಾಗಿಯೇ ಉಳಿಯಿತು. ಡಾಕ್ಟರ್ ಸಾಹೇಬರು ನನ್ನನ್ನು ಕರೆದು, "ಶಾಂತಾಬಾಯಿ, ಬಾಟ್ಲಿಗೆ ಸಕ್ಕರಿ ಬ್ಯಾನಿ ಅದ, ಅಜ್ಜಗ ಇಲ್ಲ ಅಂತ ರಿಪೋರ್ಟ್ ಬರೀರಿ" ಎಂದರು. ಎಲ್ಲರೂ ನಕ್ಕರು. ನಾನು ಒಂದು ವಾರ ತಲೆ ಎತ್ತಲಿಲ್ಲ.

ಆಮೇಲೆ ಬೀಡಿ ಕಟ್ಟುವ ಒಬ್ಬ ಹೆಣ್ಣುಮಗಳು ಬಂದಳು. ಕಡ್ಡಿಯಂತಹ ಮೈ. ಅವಳದೂ ಇಟ್ಟಂಗಿ ಬಣ್ಣ. ಈ ಸಲ ಮೋಸ ಹೋಗಬಾರದೆಂದು ನಾನೇ ಬಾಟಲಿ ತೊಳೆದು ಕೊಟ್ಟೆ. ಮತ್ತೆ ಅದೇ ಬಣ್ಣ. ಮೂರನೆಯ ಸಲ ನಳಿಕೆಯನ್ನೇ ಬದಲಿಸಿದೆ, ಮತ್ತೆ ಅದೇ. ಇದು ಗಾದಿಯ ಮೇಲೆ ಕೂತ ದಪ್ಪ ಹೊಟ್ಟೆಯ ಸೇಠರ ಕಾಯಿಲೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಕೈಯಲ್ಲಿ ನಳಿಕೆ ಹಿಡಿದುಕೊಂಡು ಅವಳನ್ನೇ ನೋಡುತ್ತ ನಿಂತುಬಿಟ್ಟೆ. ಸಾಹೇಬರು ಅವಳನ್ನು ಕೂರಿಸಿಕೊಂಡು ವಿಚಾರಿಸಿದರು. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಮಡಿಲಲ್ಲಿ ಮೊರ ಇಟ್ಟುಕೊಂಡು ಕೂತಲ್ಲೇ ಕೆಲಸ. ಒಲೆ ಹಚ್ಚಲು ಹೊತ್ತಿಲ್ಲ, ಹಸಿವಾದಾಗಲೆಲ್ಲ ಸಿಹಿ ಚಹಾ ಮತ್ತು ಪಾವು ಬ್ರೆಡ್ಡು. ಅಂದಿನಿಂದ ಸಾಹೇಬರು ಒಂದು ಪದ್ಧತಿ ಹಾಕಿದರು. ಬಂದವರನ್ನೆಲ್ಲ ಏನು ಉಣ್ಣುತ್ತೀರಿ, ಎಷ್ಟು ನಡೆಯುತ್ತೀರಿ, ಸಿಹಿ ತಿನ್ನುತ್ತೀರಾ ಎಂದು ನಾನು ಕೇಳಿ ಬರೆದುಕೊಳ್ಳಬೇಕು. ಆಗ ಸೋಲಾಪುರದಲ್ಲಿ ಹೀಗೆ ಕೇಳುವ ದವಾಖಾನೆಗಳು ಕಡಿಮೆ. ನಮಗೆ ಅದರ ಬಗ್ಗೆ ಒಂದು ಥರದ ಜಂಬವೂ ಇತ್ತು.

ಇಂಥ ಜಂಬ ಇದ್ದ ಕಾಲದಲ್ಲೇ ಭೀಮಾಶಂಕರ ಕಾಕಾ ನಮ್ಮ ದವಾಖಾನೆಗೆ ಬಂದರು.

ಅವರು ಅಕ್ಕಲಕೋಟದಲ್ಲಿ ನಮ್ಮ ಓಣಿಯವರೇ. ರಕ್ತ ಸಂಬಂಧವಿಲ್ಲ, ಆದರೂ ಚಿಕ್ಕಂದಿನಿಂದ ಅವರು ಕಾಕಾ, ಅವರ ಹೆಂಡತಿ ಇಂದಿರಾಬಾಯಿ ಕಾಕು. ಮಕ್ಕಳಿರಲಿಲ್ಲ. ಕಾಕಾ ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್‌ಕ್ಲಾರ್ಕು. ಹುಟ್ಟಿದ್ದು ತಡವಳದ ಒಕ್ಕಲು ಮನೆಯಲ್ಲಿ. ಅಣ್ಣ ಮಲ್ಲಪ್ಪ ಹೊಲ ನೋಡಿಕೊಂಡು ಅಲ್ಲೇ ಉಳಿದಿದ್ದ, ಇವರು ಸಾಲೆ ಕಲಿತು ಕುರ್ಚಿಗೆ ಬಂದಿದ್ದರು. ಕಚೇರಿ ಮನೆಯಿಂದ ಎರಡು ಓಣಿ ದಾಟಿದರೆ ಸಿಗುತ್ತಿತ್ತು. ಬಿಳಿ ಧೋತರ, ಕಪ್ಪು ಕೋಟು, ಕರಿ ಟೋಪಿ. ಮೈ ದಪ್ಪವೂ ಅಲ್ಲ, ತೀರ ಸಣಕಲೂ ಅಲ್ಲ. ಅವರು ಬರೆದ ಕಾಗದದಲ್ಲಿ ತಪ್ಪು ಹುಡುಕಿದವರಿಲ್ಲ ಎಂದು ಊರಲ್ಲಿ ಮಾತಿತ್ತು.

ಹೊಸ ಚಪ್ಪಲಿ ಕಚ್ಚಿ ಬಲಗಾಲಿನ ಹೆಬ್ಬೆರಳಿನ ಹತ್ತಿರ ಹುಣ್ಣಾಗಿತ್ತು. ತಿಂಗಳಾದರೂ ಮಾಯಲಿಲ್ಲ. ನಾನೇ ಒತ್ತಾಯ ಮಾಡಿ ಸೋಲಾಪುರಕ್ಕೆ ಕರೆದೊಯ್ದೆ. ಮೂತ್ರದಲ್ಲಿ ಸಕ್ಕರೆ ಇತ್ತು, ರಕ್ತದಲ್ಲೂ ಹೆಚ್ಚಿತ್ತು. ಸಾಹೇಬರು ಮುಚ್ಚುಮರೆಯಿಲ್ಲದೆ ಹೇಳಿದರು: "ಹೆಡ್‌ಕ್ಲಾರ್ಕ ಸಾಹೇಬ್ರ, ಸಕ್ಕರಿ ಹಿಡಿತಕ್ಕ ಬಂದ್ರ ಹುಣ್ಣು ಮಾಯ್ತದ. ಬರಲಿಲ್ಲಂದ್ರ ಕಾಲು ಹೋಗ್ತದ. ನಡುವ ಇನ್ನೊಂದು ದಾರಿ ಇಲ್ಲ." ಗುಳಿಗೆ ಬರೆದುಕೊಟ್ಟರು, ಸಿಹಿ ಬಿಡಲು ಹೇಳಿದರು. ವಾರಕ್ಕೆರಡು ಸಲ ಊಟವಾದ ಎರಡು ತಾಸಿಗೆ ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿಕೊಂಡು ಬಣ್ಣ ಬರೆದಿಡಿ ಎಂದರು. ದೀಪ, ನಳಿಕೆ, ನೀಲಿ ದ್ರಾವಣ ಕೊಟ್ಟು ನಾನೇ ಕಲಿಸಿದೆ. ಕಾಕು ಆ ದೀಪವನ್ನು ಅಡಿಗೆಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಹಿತ್ತಲಲ್ಲಿ ಬಚ್ಚಲ ಪಕ್ಕ ಕಲ್ಲಿನ ಮೇಲೆ ಕಾಕಾರ ಪ್ರಯೋಗಾಲಯ ಶುರುವಾಯಿತು.

ಕಾಕಾ ಅದಕ್ಕೊಂದು ರಿಜಿಸ್ಟರನ್ನೇ ಮಾಡಿದರು. ಗೆರೆ ಹೊಡೆದು ಮನೆಗಳನ್ನು ಮಾಡಿ ತಾರೀಖು, ವಾರ, ತಿಥಿ, ಹೊತ್ತು, ಬಣ್ಣ, ಕೊನೆಗೆ ಶೇರಾ ಎಂದು ಒಂದು ಮನೆ. ಶೇರಾ ಎಂದರೆ ಕಚೇರಿಯ ಮಂದಿ ಷರಾ ಬರೆಯುವ ಜಾಗ. ಮುತ್ತಿನಂತಹ ಅಕ್ಷರ. ಭಾನುವಾರ ಮತ್ತು ಗುರುವಾರ ತಪ್ಪದೆ ಬರೆದರು. ಇಂಥ ರೋಗಿ ಸಿಗುವುದು ನಮ್ಮ ಪುಣ್ಯ ಎಂದು ಸಾಹೇಬರೇ ಮೊದಲು ಹೊಗಳಿದ್ದರು.

ಎರಡು ತಿಂಗಳು ಕಳೆಯಿತು, ಹುಣ್ಣು ಹಾಗೇ ಇತ್ತು. ಒಂದು ಶುಕ್ರವಾರ ಸಾಹೇಬರು ಮೇಜಿನ ಮೇಲೆ ರಿಜಿಸ್ಟರು ಹರವಿಕೊಂಡು ಓದಿದರು. ನಾನು ಪಕ್ಕದಲ್ಲೇ ಇದ್ದೆ. ಭಾನುವಾರಗಳಲ್ಲಿ ಹಸಿರು, ಒಮ್ಮೊಮ್ಮೆ ನೀಲಿ. ಗುರುವಾರಗಳಲ್ಲಿ ಇಟ್ಟಂಗಿ. ಭಾನುವಾರವೇ ಏಕಾದಶಿ ಬಿದ್ದರೆ ಅಂದೂ ಇಟ್ಟಂಗಿ. ಇಟ್ಟಂಗಿ ಇದ್ದಲ್ಲೆಲ್ಲ ಶೇರಾದ ಮನೆಯಲ್ಲಿ ಒಂದೇ ಶಬ್ದ, ಉಪವಾಸ.

ಸಾಹೇಬರು ಕನ್ನಡಕ ತೆಗೆದರು. "ಏನ್ರಿ ಇದು? ಉಂಡ ದಿನ ಸಕ್ಕರಿ ಇಲ್ಲ, ಉಪಾಸ ಇದ್ದ ದಿನ ಇಟ್ಟಂಗಿ. ಉಪಾಸ ಇದ್ದವರ ಮೈಯಾಗ ಸಕ್ಕರಿ ಎಲ್ಲಿಂದ ಬರ್ತದ, ಗಾಳಿಯಿಂದೇನು?"

"ಗೊತ್ತಿಲ್ಲರಿ, ಸಾಹೇಬ್ರ. ಬಂದ ಬಣ್ಣ ಬರ್ದೀನಿ," ಎಂದರು ಕಾಕಾ.

"ಗುರುವಾರ ಮಠಕ್ಕ ಹೋಗ್ತೀರಿ. ಪ್ರಸಾದದ ಪೇಢೆ ಕೊಡ್ತಾರ."

"ಕಣ್ಣಿಗೊತ್ತಿಕೊಂಡು ಮಂದಿಗೆ ಕೊಡ್ತೀನ್ರಿ. ಬಾಯಾಗ ಹಾಕಿಲ್ಲ."

"ಹಂಗಾದ್ರ ಎರಡರಾಗ ಒಂದು ಸುಳ್ಳು. ಬಣ್ಣರೆ ಸುಳ್ಳು, ಉಪಾಸರೆ ಸುಳ್ಳು. ಬಣ್ಣ ಸುಳ್ಳು ಹೇಳಾಂಗಿಲ್ಲ."

ಮೂವತ್ತು ವರ್ಷ ಬರವಣಿಗೆಯನ್ನೇ ಉಂಡು ಬದುಕಿದ ಮನುಷ್ಯನಿಗೆ, ನೀನು ಸುಳ್ಳು ಬರೆದಿದ್ದೀಯೆ ಎಂದು ಮುಖದ ಮೇಲೆ ಹೇಳಿದ ಹಾಗಾಯಿತು. ಕಾಕಾ ರಿಜಿಸ್ಟರು ಮುಚ್ಚಿ ಬಟ್ಟೆಯಲ್ಲಿ ಸುತ್ತಿಕೊಂಡರು, ಕುಂಟುತ್ತ ಹೊರಗೆ ಹೋದರು. ನಾನು ಅವರ ಬೆನ್ನಿಗೆ ಹೋಗಲಿಲ್ಲ. ಯಾಕೆಂದರೆ ನಾನೂ ಸಾಹೇಬರು ಹೇಳಿದ್ದನ್ನೇ ನಂಬಿದ್ದೆ. ಪಾಪ, ಬಾಯಿ ಚಪಲ, ಎಲ್ಲೋ ಪೇಢೆ ತಿಂದಿರಬೇಕು ಎಂದು ಮನಸ್ಸಿನಲ್ಲೇ ನಕ್ಕೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಕ್ಕದ್ದು ನಿಜ.

ಮರುದಿನ ಬೆಳಗ್ಗೆ ಬಸ್ಸಿಗೆ ಹೊರಟಾಗ ಕಾಕು ಬಾಗಿಲಲ್ಲಿ ನಿಂತಿದ್ದರು. "ಶಾಂತಾ, ನಿಮ್ಮ ಸಾಹೇಬ್ರು ಇವ್ರಿಗೆ ಸುಳ್ಳ ಅಂದ್ರಂತ?"

"ಸಿಟ್ಟಿನಾಗ ಏನೋ ಅಂದಾರ ಬಿಡ್ರಿ ಕಾಕು."

"ಅನ್ಲಿ. ಇವ್ರ ಉಪಾಸ ಸುಳ್ಳೋ ಖರೇನೋ ದೇವ್ರು ನೋಡಾಕತ್ತಾನ. ಇನ್ನ ಮ್ಯಾಲೆ ಸೋಮಾರ, ಶನಿವಾರನೂ ಹಿಡೀತಾರ. ಕಾಲು ಉಳೀಲಿ ಅಂತ ನಾನೂ ಹರಕಿ ಹೊತ್ತೀನಿ," ಎಂದರು ಕಾಕು.

ನಾನು, ಪರೀಕ್ಷೆ ಪಾಸಾದ ಲ್ಯಾಬಿನ ಬಾಯಿ, "ಛಲೋ ಆತು ಕಾಕು, ಹೊಟ್ಟಿಗೂ ಹಗುರ ಆಗ್ತೈತಿ" ಎಂದು ಹೇಳಿ ಬಸ್ಸು ಹತ್ತಿದೆ. ಈ ಮಾತನ್ನು ನಾನು ಆಡಿದ್ದೇನೆ. ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ.

ಒಂದೂವರೆ ತಿಂಗಳಾಗುವುದರೊಳಗೆ ಹೆಬ್ಬೆರಳು ಕಪ್ಪಗಾಯಿತು. ಕಾಕಾ ಸೋಲಾಪುರಕ್ಕೆ ಬರುವುದನ್ನು ನಿಲ್ಲಿಸಿದ್ದರು. ಸಾಹೇಬರಿಗೂ ಒಳಗೊಳಗೆ ಕಳವಳವಿತ್ತು. "ನಿಮ್ಮ ಓಣಿಯವರೇ ಅಲ್ಲೇನು, ಮನಿಗೆ ಹೋಗಿ ನೀವೇ ಒಮ್ಮೆ ಟೆಸ್ಟ್ ಮಾಡಿ ಬರ್ರಿ" ಎಂದು ನನಗೆ ಒಂದು ದಿನ ರಜೆ ಕೊಟ್ಟರು. ಆ ದಿನ ಗುರುವಾರ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೋದೆ. ಕಾಕಾ ಕಾಲು ಚಾಚಿ ಕೂತಿದ್ದರು. ಬಟ್ಟೆ ಸುತ್ತಿದ ಕಾಲಿನಿಂದ ವಾಸನೆ ಬರುತ್ತಿತ್ತು. ನನಗೆ ಆ ವಾಸನೆಯ ಅರ್ಥ ಗೊತ್ತಿತ್ತು. ಕಾಕು ನನ್ನನ್ನು ನೋಡಿ ಹಿಗ್ಗಿದರು. "ನಿನಗೂ ಉಪಾಸ ಅಲ್ಲೇನ? ಕೂಡು, ಇಬ್ರಿಗೂ ಹಾಕ್ತೀನಿ" ಎಂದರು. ನಾನು ಚಿಕ್ಕಂದಿನಿಂದ ಗುರುವಾರ ಹಿಡಿದವಳು. ಕೂತೆ. ಸಾಬೂದಾಣಿ ಖಿಚಡಿ ಬಡಿಸಿದರು, ತುಪ್ಪ ಹೊಳೆಯುತ್ತಿತ್ತು, ಶೇಂಗಾ ಪುಡಿ ಧಾರಾಳ. ಬಟಾಟೆ ಪಲ್ಯ. ಬೆಲ್ಲದಲ್ಲಿ ಬೇಯಿಸಿದ ಗೆಣಸು. ಬಾಳೆಹಣ್ಣಿನ ಶೀಕರಣಿ. ರಾಜಗಿರಿ ಉಂಡಿ, ಶೇಂಗಾ ಉಂಡಿ, ನಾಲ್ಕು ಖಜೂರ. ಕಾಕು ಕೈಯ ಖಿಚಡಿಗೆ ನಮ್ಮ ಓಣಿಯಲ್ಲಿ ಹೆಸರಿತ್ತು. ನಾನು ಎರಡನೆಯ ಸಲ ಹಾಕಿಸಿಕೊಂಡೆ.

"ಕಾಕಾಗೂ ಒಂದೀಟು ಹಾಕ್ರಿ, ಬಾಡ್ಯಾರ" ಎಂದವಳೂ ನಾನೇ.

ಕಾಕು ಹಾಕಿದರು. "ಇಡೀ ದಿನ ಉಪಾಸ, ಶಕ್ತಿ ಬೇಕಲ್ಲ. ಸಕ್ಕರಿ ಮಾತ್ರ ಒಂದು ಕಾಳೂ ಹಾಕಾಂಗಿಲ್ಲ ನೋಡು, ಡಾಕ್ಟರ್ ಬ್ಯಾಡಂದಾರ. ಎಲ್ಲಾ ಬೆಲ್ಲದಾಗ ಮಾಡೀನಿ. ಚಹಾನೂ ಬೆಲ್ಲದ್ದ."

ಬಾಯಿಗೆ ಒಯ್ದ ತುತ್ತು ಅಲ್ಲೇ ನಿಂತಿತು. ಕಾಕಾರ ತಾಟು ನೋಡಿದೆ. ನನ್ನ ತಾಟು ನೋಡಿದೆ. ಬೆಲ್ಲವೂ ಸಕ್ಕರೆಯೇ, ಸಾಬೂದಾಣಿ, ಬಟಾಟೆ, ಗೆಣಸೂ ಹೊಟ್ಟೆಗೆ ಹೋಗಿ ಸಕ್ಕರೆಯಾಗುವಂಥವೇ. ವಾರದಲ್ಲಿ ಉಳಿದ ದಿನ ಈ ಮನುಷ್ಯ ಉಣ್ಣುವುದು ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಸಾರು. ಉಪವಾಸದ ದಿನ ತಿನ್ನುವುದು ಇದು. ಮೊದಲು ವಾರಕ್ಕೊಂದು ದಿನ ತಿನ್ನುತ್ತಿದ್ದರು, ನಾವು ಸುಳ್ಳ ಎಂದ ಮೇಲೆ ಮೂರು ದಿನ ತಿನ್ನುತ್ತಿದ್ದಾರೆ. ಅದೂ ಕಾಲು ಉಳಿಸಿಕೊಳ್ಳುವುದಕ್ಕೆ.

ಏಕಾದಶಿಯ ದಿನ ಇಮ್ಮಡಿ ತಿನ್ನುವ ಬಗ್ಗೆ ನಮ್ಮ ಕಡೆ ಎಲ್ಲರೂ ನಗೆಯಾಡುತ್ತಾರೆ, ನಾನೂ ಸಾವಿರ ಸಲ ನಗೆಯಾಡಿದ್ದೇನೆ. ಗುರುವಾರ ನನ್ನ ಡಬ್ಬಿಯಲ್ಲೂ ಇದೇ ಖಿಚಡಿ ಇರುತ್ತಿತ್ತು. ಅದನ್ನು ತಿಂದು, ಕೈ ತೊಳೆದು, ಮಂದಿಯ ಮೂತ್ರ ಕುದಿಸುತ್ತಿದ್ದೆ. ಏನು ಉಣ್ಣುತ್ತೀರಿ ಎಂದು ನೂರಾರು ಜನರನ್ನು ಕೇಳಿ ಬರೆದುಕೊಂಡಿದ್ದೆ. ಊಟವಿಲ್ಲದ ದಿನ ಏನು ತಿನ್ನುತ್ತೀರಿ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಸಿಹಿ ತಿನ್ನುತ್ತೀರಾ ಎಂದರೆ ಕಾಕಾ ಇಲ್ಲ ಎಂದಿದ್ದರು, ಅವರ ಲೆಕ್ಕದಲ್ಲಿ ಅದು ಸತ್ಯ. ಉಪವಾಸದ ದಿನದ ತಿಂಡಿಯಾದ ಫರಾಳವನ್ನು ಯಾರೂ ತಿಂದದ್ದರಲ್ಲಿ ಸೇರಿಸುವುದಿಲ್ಲ. ನಾನೂ ಸೇರಿಸಿರಲಿಲ್ಲ.

ಎರಡು ತಾಸು ಕಾಯ್ದು ಹಿತ್ತಲಲ್ಲಿ ಕುದಿಸಿದೆ. ದೀಪದಿಂದ ಎತ್ತುವ ಮೊದಲೇ ನಳಿಕೆ ಕೆಂಪಗಾಗಿತ್ತು. ಕಾಕು ಹಿಂದೆ ನಿಂತು ಇಣುಕಿ, "ಏನಂತೈತಿ?" ಎಂದರು. ನಾನು ಸಾಹೇಬರನ್ನು ಕೇಳಿ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ.

ಮರುದಿನ ಸಾಹೇಬರ ಮುಂದೆ ಕಾಕಾರ ತಾಟಿನಲ್ಲಿದ್ದುದನ್ನು ಒಂದೊಂದಾಗಿ ಹೇಳಿದೆ. ಅವರು ಕೇಳುತ್ತ ಕೇಳುತ್ತ ಪೆನ್ನು ಕೆಳಗಿಟ್ಟರು. "ನಿನ್ನೆ ನಮ್ಮ ಮನ್ಯಾಗೂ ಇದನ್ನ ಮಾಡಿದ್ರು. ನಾನೂ ತಿಂದೀನಿ" ಎಂದರು. ಅಂದೇ ಮಧ್ಯಾಹ್ನ ದವಾಖಾನೆ ಮುಚ್ಚಿ ತಮ್ಮ ಕಾರಿನಲ್ಲಿ ನನ್ನನ್ನೂ ಕೂರಿಸಿಕೊಂಡು ಅಕ್ಕಲಕೋಟಕ್ಕೆ ಬಂದರು.

ಮೇಲಿನವರು ತಪ್ಪು ಒಪ್ಪಿಕೊಳ್ಳುವುದನ್ನು ನನ್ನ ನೌಕರಿಯಲ್ಲಿ ನಾನು ಹೆಚ್ಚು ಸಲ ನೋಡಿಲ್ಲ. ಅಂದು ನೋಡಿದೆ. ಸಾಹೇಬರು ಕಾಕಾರ ಎದುರು ಚಾಪೆಯ ಮೇಲೆ ಕೂತು ರಿಜಿಸ್ಟರನ್ನು ಕೈಗೆತ್ತಿಕೊಂಡರು. "ಹೆಡ್‌ಕ್ಲಾರ್ಕ ಸಾಹೇಬ್ರ, ನೀವು ಖರೇನ ಬರ್ದಿದ್ರಿ. ನನಗ ಓದಾಕ ಬರಲಿಲ್ಲ. ತಪ್ಪಾತು," ಎಂದರು. ಕಾಕಾರ ಕಣ್ಣಲ್ಲಿ ನೀರು ಬಂತು. ಹುಣ್ಣಿನ ನೋವಿಗೆ ಒಮ್ಮೆಯೂ ಅತ್ತವರಲ್ಲ.

ಆದರೆ ಫರಾಳ ಬಿಡಬೇಕು, ಗುರುವಾರವೂ ರೊಟ್ಟಿ ಉಣ್ಣಬೇಕು ಎಂದಾಗ ಕಾಕಾ ತಲೆ ಅಲ್ಲಾಡಿಸಿದರು. "ನಮ್ಮಪ್ಪನ ಕಾಲದ ನೇಮರಿ. ಬಿಡಾಕ ಆಗಾಂಗಿಲ್ಲ. ಬೇಕಾದ್ರ ನೀರ ಮ್ಯಾಲೆ ಇರ್ತೀನಿ."

"ಗುಳಿಗಿ ನುಂಗಿ ನೀರ ಮ್ಯಾಲೆ ಇದ್ರ ತಲಿ ತಿರುಗಿ ಬೀಳ್ತೀರಿ. ಅದೂ ಆಗಾಂಗಿಲ್ಲ," ಎಂದರು ಸಾಹೇಬರು.

ಕಾಲಿನ ಸುದ್ದಿ ಕೇಳಿ ಭಾನುವಾರ ತಡವಳದಿಂದ ಅಣ್ಣ ಮಲ್ಲಪ್ಪ ಬಂದ. ಕಾಕಾಗಿಂತ ಆರೇಳು ವರ್ಷ ದೊಡ್ಡವನು, ನೋಡಲು ಚಿಕ್ಕವನಂತಿದ್ದ. ಬಸ್ಸಿಗೆ ಕಾಯದೆ ಅರ್ಧ ದಾರಿ ನಡೆದೇ ಬಂದಿದ್ದ. ಒಂದೇ ತಾಯಿಯ ಮಕ್ಕಳು, ಇವನಿಗೂ ಇರಬಹುದೆಂದು ಸಾಹೇಬರು ಮೊದಲೇ ಹೇಳಿದ್ದರು. ಕುದಿಸಿದೆ. ನೀಲಿ ಕದಲಲಿಲ್ಲ. ನೀನು ಉಪವಾಸ ಹಿಡಿಯುವುದಿಲ್ಲವೇ ಎಂದು ಕೇಳಿದೆ.

"ಹಿಡೀತೀನವ್ವ. ಅಪ್ಪ ಹಿಡೀತಿದ್ದ, ನಾನೂ ಹಿಡೀತೀನಿ. ಹೊಲಕ್ಕ ಹೋಗೂವಾಗ ಒಂದು ಹಿಡಿ ಹುರಿದ ಶೇಂಗಾ ಕಿಸೆದಾಗ ಹಾಕ್ಕೊಂತೀನಿ. ಹೊತ್ತು ಮುಣುಗಿದ ಮ್ಯಾಲೆ ರೊಟ್ಟಿ. ಸಾಬೂದಾಣಿ ಗೀಬೂದಾಣಿ ನಮ್ಮೂರಾಗ ಯಾರು ಮಾಡ್ತಾರ?" ಎಂದವನು ತಮ್ಮನ ಕಡೆ ತಿರುಗಿ ಮೆಲ್ಲಗೆ ಹೇಳಿದ. "ಭೀಮಾ, ಅಪ್ಪನ ನೇಮ ಅಂತಿ. ಅಪ್ಪ ಇದನ್ನೆಲ್ಲ ಕಣ್ಣಲೆ ಕಂಡಿದ್ದಿಲ್ಲೋ."

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಕು ಎಲ್ಲವನ್ನೂ ಕೇಳಿಸಿಕೊಂಡರು. ತಡವಳದಲ್ಲಿ ಕಿಸೆಯ ಶೇಂಗಾ ಆಗಿದ್ದದ್ದು ಪಟ್ಟಣದ ಮನೆಯಲ್ಲಿ ತಾಟು ತುಂಬಾ ಬೆಳೆದಿತ್ತು. ಹೊಲದ ಬದಲು ಕುರ್ಚಿ ಬಂದಿತ್ತು, ಹತ್ತಿರದಲ್ಲೇ ಕಿರಾಣಿ ಅಂಗಡಿ ಬಂದಿತ್ತು, ಗಂಡನಿಗೆ ಪ್ರೀತಿಯಿಂದ ಮಾಡಿ ಹಾಕಲು ಕಾಕುಗೆ ಪುರುಸೊತ್ತೂ ಇತ್ತು. ಯಾವುದೂ ಕೆಟ್ಟದ್ದಾಗಿ ಕಾಣುವಂಥದಲ್ಲ. ಅದನ್ನು ನೆನೆದರೇ ನನಗೆ ಹೆಚ್ಚು ಗಾಬರಿಯಾಗುತ್ತದೆ.

ಮುಂದಿನ ಗುರುವಾರ ಕಾಕು ನನಗೆ ಹೇಳಿ ಕಳಿಸಿದರು. ಹೋದಾಗ ಓಣಿಗೆ ತಿಳಿಯದಿರಲೆಂದು ಬಾಗಿಲು ಮುಚ್ಚಿದ್ದರು. ಒಳಗೆ ಕಾಕು ರೊಟ್ಟಿ ಬಡಿದಿದ್ದರು. ಕಾಕಾರ ಮುಂದೆ ತಾಟಿತ್ತು, ಅವರು ಮುಟ್ಟಿರಲಿಲ್ಲ. ಕಾಕು ಎದುರಿಗೆ ಕೂತು, ತಮ್ಮ ತಾಟಿನ ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗೆ ಹಾಕಿಕೊಂಡರು. ಮದುವೆಯಾಗಿ ಬಂದ ಮೇಲೆ ಒಂದು ಗುರುವಾರವೂ ಕಾಳು ಮುಟ್ಟದ ಹೆಣ್ಣುಮಗಳು. ನುಂಗಿ, "ಪಾಪ ಬಂದ್ರ ಮೊದಲ ನನಗ ಬರ್ಲಿ. ಈಗ ನೀವು ಉಣ್ರಿ," ಎಂದರು.

ಕಾಕಾ ಹೆಂಡತಿಯ ಮುಖ ನೋಡಿದರು. ಆಮೇಲೆ ಉಂಡರು. ಎರಡು ತಾಸಿನ ನಂತರ ಕುದಿಸುವಾಗ ನಳಿಕೆಯನ್ನು ಕಾಕುವೇ ಚಿಮಟದಲ್ಲಿ ಹಿಡಿದರು. ಹಸಿರು ಬಂತು, ತಿಳಿ ಹಸಿರು. ಹೋದ ವಾರದ ಕೆಂಪನ್ನು ಅವರು ಕಣ್ಣಾರೆ ಕಂಡಿದ್ದರು. ನಳಿಕೆ ಕೆಳಗಿಟ್ಟು ಬಚ್ಚಲ ಕಟ್ಟೆಯ ಮೇಲೆ ಕೂತರು.

ಬಣ್ಣ ಇಳಿಯಿತು. ಆದರೆ ಕಾಲು ನಮಗಾಗಿ ಕಾಯಲಿಲ್ಲ. ಕಪ್ಪು ಬೆರಳಿನಿಂದ ಪಾದಕ್ಕೇರಿತ್ತು, ಜ್ವರ ಬಿಡಲೇ ಇಲ್ಲ. ಸೋಲಾಪುರದ ದೊಡ್ಡ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಆಪರೇಷನ್ನಿನ ಕೋಣೆಯ ಹೊರಗೆ ನಾನೂ ಸಾಹೇಬರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು.

ಇದಕ್ಕಿಂತ ದೊಡ್ಡ ಪೆಟ್ಟು ಊರಿಗೆ ಬಂದ ಮೇಲೆ ಬಿತ್ತು. ಗುರುವಾರ ರೊಟ್ಟಿ ಉಂಡ ಸುದ್ದಿ ಹೇಗೋ ಹೊರಬಿದ್ದಿತ್ತು. ನೇಮ ಮುರಿದ ತಿಂಗಳೊಳಗೆ ಕಾಲು ಹೋಯಿತು ಎಂದು ಓಣಿ ತೀರ್ಮಾನ ಮಾಡಿತ್ತು. ಮಾತಾಡಿಸಲು ಬಂದ ಹೆಂಗಸರು ಕಾಕಾರ ತಲೆದೆಸೆಯಲ್ಲಿ ಕೂತು, "ಇಷ್ಟು ದಿನ ಆ ಉಪಾಸನ ಕಾಲು ಕಾಯ್ದಿತ್ತು, ಇವಳು ಕೆಡಿಸಿದಳು" ಎಂದು ಕಾಕುಗೆ ಕೇಳುವಂತೆಯೇ ಆಡುತ್ತಿದ್ದರು. ಮುರಿಸಿದವಳು ನಾನು ಎಂದೂ ಸೇರಿಸುತ್ತಿದ್ದರು. ನನ್ನ ಸ್ವಂತ ಅವ್ವ ನನ್ನನ್ನು ಎರಡು ದಿನ ಮಾತಾಡಿಸಲಿಲ್ಲ.

ಕಾಕಾ ಮನೆಗೆ ಬಂದ ಮೊದಲ ಗುರುವಾರ ಕೆಲಸಕ್ಕೆ ಹೊರಡುವ ಮೊದಲು ಅವರಲ್ಲಿಗೆ ಹೋದೆ. ಕಾಕಾ ನಿದ್ದೆಯಲ್ಲಿದ್ದರು. ಚಾದರದ ಕೆಳಗೆ ಒಂದು ಕಡೆ ತಗ್ಗಾಗಿತ್ತು. ಕಾಕು ನನ್ನನ್ನು ಅಡಿಗೆಮನೆಗೆ ಕರೆದರು. ಒಲೆಯ ಪಕ್ಕದಲ್ಲಿ ಒಂದು ಬೋಗುಣಿಯಲ್ಲಿ ಸಾಬೂದಾಣಿ ನೆನೆಹಾಕಿತ್ತು, ಅದರ ಪಕ್ಕ ಜೋಳದ ಹಿಟ್ಟಿನ ಡಬ್ಬಿ ಇತ್ತು. ಯಾವುದನ್ನೂ ಒಲೆಗೆ ಹಾಕಿರಲಿಲ್ಲ.

"ಶಾಂತಾ, ನೀ ಸಣ್ಣಾಕಿದ್ದಾಗಿಂದ ನನ್ನ ಕೈಯಾಗ ಉಂಡೀದಿ. ನನಗ ಖರೇ ಹೇಳು. ಅವ್ರ ಕಾಲು ಯಾವುದರಿಂದ ಹೋತು? ನಾ ಮಾಡಿದ ಖಿಚಡಿಯಿಂದ ಹೋತೋ, ನಾ ಮಾಡಿದ ರೊಟ್ಟಿಯಿಂದ ಹೋತೋ?"

ಹೇಳಲು ಬೇರೆ ಮಾತುಗಳು ಬೇಕಾದಷ್ಟಿದ್ದವು. ಕುರ್ಚಿಯೂ ಸೇರಿದೆ, ಮನೆತನದ ರಕ್ತವೂ ಸೇರಿರಬಹುದು, ಹೊಸ ಚಪ್ಪಲಿಯೂ ಸೇರಿದೆ, ನಮ್ಮ ಸಾಹೇಬರ ಸಿಟ್ಟು ಮತ್ತು ನನ್ನ ನಗು ಎಲ್ಲವೂ ಸೇರಿವೆ. ಅವನ್ನೆಲ್ಲ ಹೇಳಲೂ ಹೇಳಿದೆ. ಕಾಕು ಕೇಳಿಸಿಕೊಂಡು, "ನಾ ಕೇಳಿದ್ದು ಅದನ್ನಲ್ಲ. ಎರಡರಾಗ ಒಂದು ಹೇಳು" ಎಂದರು.

ರೊಟ್ಟಿಯಿಂದ ಎಂದರೆ ನೆನೆದ ಸಾಬೂದಾಣಿ ಒಲೆಗೇರುತ್ತದೆ. ಖಿಚಡಿಯಿಂದ ಎಂದರೆ ಇಷ್ಟು ವರ್ಷ ಗಂಡನಿಗೆ ಕೈಯಾರೆ ಉಣಿಸಿದ್ದನ್ನು ಈ ಹೆಣ್ಣುಮಗಳು ಹೊತ್ತುಕೊಂಡು ಬದುಕಬೇಕು.

"ಖಿಚಡಿಯಿಂದ, ಕಾಕು," ಎಂದೆ.

ಅವರು ಅಳುತ್ತಾರೆಂದು ತಿಳಿದಿದ್ದೆ. ಅಳಲಿಲ್ಲ. ಬೋಗುಣಿಯ ಕಡೆ ಒಮ್ಮೆ ನೋಡಿದರು, ಚಾದರದ ಕೆಳಗೆ ಮಲಗಿದ್ದ ಗಂಡನ ಕಡೆ ಒಮ್ಮೆ ನೋಡಿದರು.

"ಹಂಗಾರ ಇನ್ನೊಂದು ಕಾಲು ನನ್ನ ಕೈಯಾಗ ಐತಿ," ಎಂದರು.

ಬೋಗುಣಿಯನ್ನು ಎತ್ತಿಕೊಂಡು ಹೋಗಿ ಹಿತ್ತಲಿನಲ್ಲಿ ಎಮ್ಮೆಯ ಬಾನಿಗೆ ಸುರಿದು ಬಂದರು. ಒಲೆಯ ಮೇಲೆ ಹಂಚು ಇಟ್ಟು ಹಿಟ್ಟು ನಾದಲು ಕೂತರು. ಆಮೇಲೆ ಏನೋ ನೆನಪಾದವರಂತೆ ಎದ್ದು ಹೋಗಿ ಓಣಿಯ ಕಡೆಯ ಬಾಗಿಲನ್ನು ಪೂರಾ ತೆರೆದರು. ಗುರುವಾರ ನಮ್ಮ ಓಣಿಯಲ್ಲಿ ಯಾವ ಮನೆಯಿಂದಲೂ ರೊಟ್ಟಿ ಬಡಿಯುವ ಸಪ್ಪಳ ಬರುವುದಿಲ್ಲ. ನಾನು ಬಸ್ಸಿಗೆ ಹೊರಟು ಮೂಲೆ ತಿರುಗುವ ತನಕ ಕಾಕು ರೊಟ್ಟಿ ಬಡಿಯುವುದು ಕೇಳಿಸುತ್ತಿತ್ತು.